ಅಂಗಡಿ ಬೋರ್ಡಿಗೆ ಶೇ. 60, ಕೀಬೋರ್ಡಿಗೆ ಸೊನ್ನೆ!



ಈ ಪತ್ರಿಕೆಯನ್ನು ಒಂದು ನಿಮಿಷ ಪಕ್ಕಕ್ಕಿಡಿ. ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಇರುವ ಕಂಪ್ಯೂಟರಿನ ಮುಂದೆ ಹೋಗಿ ನಿಂತು ಅದರ ಕೀಬೋರ್ಡನ್ನು ಕಣ್ಣು ಬಿಟ್ಟು ನೋಡಿ. ನೂರಕ್ಕೂ ಹೆಚ್ಚು ಕೀಲಿಗಳಿರುವ ಆ ಹಲಗೆಯ ಮೇಲೆ ಕನ್ನಡದ ಒಂದೇ ಒಂದು ಅಕ್ಷರವಿದೆಯೇ? ‘ಅ’ ಇದೆಯೇ? ‘ಕ’ ಇದೆಯೇ? ಇಲ್ಲ. ದಿನಕ್ಕೆ ಎಂಟು ಗಂಟೆ ನಿಮ್ಮ ಹತ್ತು ಬೆರಳು ಆಡುವ ಜಾಗದಲ್ಲಿ ನಿಮ್ಮ ತಾಯ್ನುಡಿಗೆ ಬೆರಳು ಊರುವಷ್ಟು ಜಾಗವೂ ಇಲ್ಲ!

2023ರ ಡಿಸೆಂಬರಿನಲ್ಲಿ ಇದೇ ಬೆಂಗಳೂರಿನಲ್ಲಿ ನಾಮಫಲಕಕ್ಕಾಗಿ ಹೋರಾಟ ನಡೆಯಿತು. ನಮ್ಮ ಹುಡುಗರು ಬೀದಿಗಿಳಿದರು, ಜೈಲಿಗೂ ಹೋಗಿ ಬಂದರು. 2024ರಲ್ಲಿ ಸರ್ಕಾರ ಕಾನೂನಿಗೆ ತಿದ್ದುಪಡಿ ತಂದು ಬೋರ್ಡಿನ ಶೇ. 60ರಷ್ಟು ಭಾಗ ಕನ್ನಡದಲ್ಲಿರಬೇಕು ಎಂದಿತು. ಸಂತೋಷ. ಆದರೆ ಆ ಬೋರ್ಡಿನ ಕೆಳಗೆ, ಅಂಗಡಿಯ ಒಳಗೆ, ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿರುವ ಕೀಬೋರ್ಡಿನ ಕಥೆ ಏನು? ಅಲ್ಲಿಂದ ಹೊರಬರುವ ಬಿಲ್ಲು ಯಾವ ಭಾಷೆಯಲ್ಲಿದೆ? ಬೋರ್ಡಿಗೆ 60, ಕೀಬೋರ್ಡಿಗೆ ಸೊನ್ನೆ. ಬಾಗಿಲಿಗೆ ಕನ್ನಡದ ತೋರಣ, ಒಳಗೆ ಇಂಗ್ಲಿಷಿನ ಸಂಸಾರ!

ನಾನು ಭಾಷಾಶಾಸ್ತ್ರಿಯಲ್ಲ, ಸಾಫ್ಟ್‌ವೇರ್ ಎಂಜಿನಿಯರೂ ಅಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೈಗೆ ಮಸಿ ಹಚ್ಚಿಕೊಂಡವನು. ಮೊಳೆ ಜೋಡಿಸುವ ಕಾಲದ ಕೊನೆಯನ್ನೂ ಡಿಟಿಪಿ ಕಾಲದ ಆರಂಭವನ್ನೂ ಕಣ್ಣಾರೆ ಕಂಡವನು. ಅಪ್ಪನ ಪ್ರೆಸ್ಸಿನ ಕಂಪೋಸಿಟರು ಕೇಸಿನ ಕಡೆ ನೋಡದೆಯೇ ಕೈ ಹಾಕುತ್ತಿದ್ದರು. ಬೇಕಾದ ಮೊಳೆಯೇ ಕೈಗೆ ಬರುತ್ತಿತ್ತು. ಕನ್ನಡ ಅವರ ಬೆರಳಿನಲ್ಲಿತ್ತು. ಅದನ್ನು ನೋಡಿ ನಾನು ಕಲಿತದ್ದು ಇಷ್ಟೇ: ಬೆರಳಿಗೆ ಸಿಗದ ಭಾಷೆ ಕಾಗದಕ್ಕೂ ಬರುವುದಿಲ್ಲ.

ಮೊಳೆಯ ಮಾತು ಹಾಗಿರಲಿ, ತಾಲ್ಲೂಕು ಕಚೇರಿಗಳಲ್ಲಿ ಟಕಟಕ ಎನ್ನುತ್ತಿದ್ದ ಬೆರಳಚ್ಚು ಯಂತ್ರ ನೆನಪಿದೆಯೇ? ನಿಮಗಿಲ್ಲದಿದ್ದರೆ ನಿಮ್ಮ ಅಪ್ಪನನ್ನು ಕೇಳಿ. ಆ ಕಬ್ಬಿಣದ ಕನ್ನಡ ಯಂತ್ರದ ಕೀಲಿ ಕೀಲಿಯ ಮೇಲೂ ಕನ್ನಡ ಅಕ್ಷರವಿತ್ತು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕೀಲಿಯ ಮೇಲೆ ಇದ್ದ ಕನ್ನಡ, ಕಂಪ್ಯೂಟರ್ ಬಂದ ಮೇಲೆ ಅಳಿಸಿಹೋಯಿತು. ಇದನ್ನು ಪ್ರಗತಿ ಎಂದು ಕರೆಯುವವರಿಗೆ ನಾಚಿಕೆಯಾಗಬೇಕು.

ನಿಮ್ಮಲ್ಲಿ ಕೆಲವರು ಈಗ ಏನು ಹೇಳುತ್ತೀರಿ ಎಂಬುದೂ ನನಗೆ ಗೊತ್ತು. “ಅಂಕಲ್, ಯಾವ ಕಾಲದಲ್ಲಿದ್ದೀರಿ? ಕೀಬೋರ್ಡ್ ಕಾಲ ಮುಗೀತು. ಈಗೆಲ್ಲ ಟಚ್. ಫೋನಿನಲ್ಲಿ ಕನ್ನಡ ಆರಾಮವಾಗಿ ಬರುತ್ತೆ. ಬಾಯಲ್ಲಿ ಹೇಳಿದರೂ ಬರೆದುಕೊಳ್ಳುತ್ತೆ.”

ಒಪ್ಪುತ್ತೇನೆ. ಫೋನಿನ ಗಾಜು ಕನ್ನಡಕ್ಕೆ ದೊಡ್ಡ ಉಪಕಾರ ಮಾಡಿದೆ. ಕಂಪ್ಯೂಟರನ್ನು ಮುಟ್ಟದ ನಮ್ಮಮ್ಮ ವಾಟ್ಸಾಪಿನಲ್ಲಿ ತಪ್ಪಿಲ್ಲದ ಕನ್ನಡ ಬರೆಯುತ್ತಾರೆ. ಯಾಕೆ? ಗಾಜಿನ ಮೇಲೆ ‘ಕ’ ಅಕ್ಷರ ‘ಕ’ ಆಗಿಯೇ ಕಣ್ಣಿಗೆ ಬೀಳುತ್ತದೆ. ಕಂಡ ಅಕ್ಷರವನ್ನು ಒತ್ತುತ್ತಾರೆ. ಅಷ್ಟೇ ಗುಟ್ಟು. ಇದರಿಂದ ನೀವು ಕಲಿಯಬೇಕಾದ ಪಾಠ ಕೀಬೋರ್ಡ್ ಬೇಡ ಎಂಬುದಲ್ಲ. ಕೀಲಿಯ ಮೇಲೆ ಅಕ್ಷರ ಕಂಡರೆ ಕನ್ನಡಿಗ ಕನ್ನಡದಲ್ಲೇ ಬರೆಯುತ್ತಾನೆ ಎಂಬುದು!

ಆದರೆ ಫೋನಿನಲ್ಲಿ ನಾವು ಬರೆಯುವುದೇನು? ‘ಊಟ ಆಯ್ತಾ’, ‘ಹುಟ್ಟುಹಬ್ಬದ ಶುಭಾಶಯ’. ಪುಸ್ತಕ, ಪತ್ರಿಕೆ, ಸರ್ಕಾರಿ ಆದೇಶ, ಕರಾರು ಪತ್ರ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಬ್ಯಾಂಕಿನ ಅರ್ಜಿ, ಸಾಫ್ಟ್‌ವೇರ್ ಇವೆಲ್ಲ ತಯಾರಾಗುವುದು ಇಂದಿಗೂ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ. ಅಧಿಕಾರ ಇರುವುದು ಅಲ್ಲಿ. ಅನ್ನ ಇರುವುದು ಅಲ್ಲಿ. ಹರಟೆಗೆ ಕನ್ನಡ, ಕೆಲಸಕ್ಕೆ ಇಂಗ್ಲಿಷ್ ಎಂಬ ಪಾಲು ಪಟ್ಟಿಗೆ ಸಹಿ ಹಾಕಿದವರು ಯಾರು? ನೀವಾ?

ಮೇಜಿನ ಮೇಲೂ ಟಚ್‌ಸ್ಕ್ರೀನ್ ತಂದರಾಯಿತು ಎನ್ನುವವರಿಗೆ ನನ್ನ ಕೈ ಸುಟ್ಟುಕೊಂಡ ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಒಬ್ಬ ವ್ಯಾಪಾರಿ “ಇನ್ನು ಕೀಬೋರ್ಡೇ ಬೇಡ ಸಾರ್, ಪರದೆ ಮೇಲೇ ಕನ್ನಡ ಒತ್ತಿ” ಎಂದು ನನ್ನ ತಲೆಗೆ ಟಚ್ ಕಂಪ್ಯೂಟರ್ ಕಟ್ಟಿದ. ಕನ್ನಡ ಕೀಲಿಮಣೆ ತೆರೆದರೆ ಪರದೆಯ ಕೆಳಗಿನ ಅರ್ಧ ಅದಕ್ಕೇ ಹೋಯಿತು. ಲಗ್ನಪತ್ರಿಕೆಯ ಅರ್ಧ ಕಾಣುವುದೇ ಇಲ್ಲ! ನಮ್ಮ ಡಿಟಿಪಿ ಹುಡುಗಿ ಬೆಳಗಿನಿಂದ ಸಂಜೆಯವರೆಗೆ ಗೋಡೆಗೆ ಸುಣ್ಣ ಬಳಿಯುವವರ ಹಾಗೆ ಕೈ ಎತ್ತಿಕೊಂಡೇ ಕೂತಳು. ನಾಲ್ಕನೇ ದಿನ ಭುಜ ನೋವು ಎಂದು ರಜೆ ಹಾಕಿದಳು. ಗಾಜಿಗೆ ಏರು ತಗ್ಗು ಇಲ್ಲ, ಬೆರಳು ಎಲ್ಲಿದೆ ಎಂದು ಬೆರಳಿಗೇ ತಿಳಿಯುವುದಿಲ್ಲ. ‘ಭ’ ಬೇಕೆಂದರೆ ‘ಬ’ದ ಮೇಲೆ ಒತ್ತಿ ಹಿಡಿದು ಕಾಯಬೇಕು. ಅವಸರದಲ್ಲಿ ಮದುಮಗಳು ‘ಭಾಗ್ಯ’ ಹೋಗಿ ‘ಬಾಗ್ಯ’ ಆದಳು. ಪ್ರೂಫಿನಲ್ಲಿ ನನ್ನ ಕಣ್ಣೂ ತಪ್ಪಿತು. 500 ಕಾರ್ಡು ರದ್ದಿಗೆ ಹೋಯಿತು. ಮತ್ತೆ ಅಚ್ಚು ಹಾಕಿದ್ದು ನನ್ನ ಸ್ವಂತ ಖರ್ಚಿನಲ್ಲಿ.

ಇದು ನನ್ನೊಬ್ಬನ ಕಥೆಯಲ್ಲ. ಮೇಜಿನ ಕಂಪ್ಯೂಟರಿಗೆ ಟಚ್ ಪರದೆ ಹೊಸದೂ ಅಲ್ಲ. ಎಚ್‌ಪಿ ಕಂಪನಿ 1983ರಲ್ಲೇ ಅಂಥದ್ದೊಂದು ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ನಿಂತ ಪರದೆಗೆ ಕೈ ಚಾಚಿ ಚಾಚಿ ತೋಳು ಸೋಲುವುದಕ್ಕೆ ಅಮೆರಿಕದವರು ‘ಗೊರಿಲ್ಲಾ ತೋಳು’ ಎಂದು ಹೆಸರಿಟ್ಟರು. 2010ರಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಕೂಡ ನಿಂತ ಪರದೆಗೆ ಟಚ್ ಒಗ್ಗುವುದಿಲ್ಲ, ತೋಳು ಬಿದ್ದುಹೋಗುತ್ತದೆ ಎಂದೇ ಹೇಳಿದರು. 2012ರಲ್ಲಿ ಮೈಕ್ರೋಸಾಫ್ಟ್ ಟಚ್‌ಗಾಗಿಯೇ ವಿಂಡೋಸ್ 8 ತಂದು, ಜನ ಬಳಸುತ್ತಿದ್ದ ಸ್ಟಾರ್ಟ್ ಮೆನುವನ್ನೇ ಕಿತ್ತು ಹಾಕಿತು. ಜನ ಛೀಮಾರಿ ಹಾಕಿದರು. 2015ರ ವಿಂಡೋಸ್ 10ರಲ್ಲಿ ಆ ಮೆನು ಮರಳಿ ಬಂತು. ಅಷ್ಟು ದೊಡ್ಡ ಕಂಪನಿಯೇ ಮಣಿದ ಮೇಲೆ ನಮ್ಮ ಕನ್ನಡವನ್ನು ಮಾತ್ರ ಗಾಜಿಗೆ ಕಟ್ಟಿ ಹಾಕುವುದು ಯಾವ ನ್ಯಾಯ?

ಇನ್ನು ಬಾಯಲ್ಲಿ ಹೇಳಿ ಬರೆಸುವ ಮಾತು. ಎರಡು ಸಾಲಿಗೆ ಸರಿ. ಹತ್ತು ಜನ ಕೂತ ಆಫೀಸಿನಲ್ಲಿ ಹತ್ತೂ ಜನ ಬಾಯಿ ತೆರೆದರೆ ಅದು ಆಫೀಸಾಗಿ ಉಳಿಯುತ್ತದೆಯೇ, ಸಂತೆಯಾಗುತ್ತದೆಯೇ? ಅಲ್ಲದೆ ಬರೆದುಕೊಂಡದ್ದನ್ನು ತಿದ್ದುವುದಕ್ಕೆ ಮತ್ತೆ ಬೆರಳೇ ಬೇಕು.

ಈಗ ನಿಮ್ಮ ಜೇಬಿನ ಕಡೆಗೆ ಬರುತ್ತೇನೆ. ಬೆಂಗಳೂರಿನ ಐಟಿ ಹುಡುಗರಿಗೆ ಈಗ ಮೆಕ್ಯಾನಿಕಲ್ ಕೀಬೋರ್ಡಿನ ಹುಚ್ಚು. ಅದನ್ನು ನಾನು ಆಡಿಕೊಳ್ಳುವುದಿಲ್ಲ, ಒಳ್ಳೆಯ ಹುಚ್ಚೇ. ಅಗ್ಗದ ಕೀಬೋರ್ಡಿನೊಳಗೆ ಒಂದು ರಬ್ಬರ್ ಹಾಳೆ ಇರುತ್ತದೆ, ಬೇಗ ಮೆತ್ತಗಾಗುತ್ತದೆ. ಮೆಕ್ಯಾನಿಕಲ್‌ನಲ್ಲಿ ಕೀಲಿಗೊಂದು ಸ್ವಿಚ್ಚು, ಸ್ವಿಚ್ಚಿಗೊಂದು ಸ್ಪ್ರಿಂಗು. 5 ಕೋಟಿ ಸಲ ಒತ್ತಿದರೂ ಬಾಳುತ್ತದೆ ಎಂದು ತಯಾರಕರೇ ಹೇಳುವ ಸ್ವಿಚ್ಚುಗಳಿವೆ. ದಿನವಿಡೀ ಟೈಪು ಮಾಡುವವನ ಬೆರಳಿಗೆ ಅದು ನ್ಯಾಯವಾದ ಸಾಮಾನು. ನಮ್ಮ ಪ್ರೆಸ್ಸಿನಲ್ಲೂ ಈಗ ಅದೇ ಇದೆ.

ಆದರೆ ನಿಮ್ಮಲ್ಲಿ ಎಷ್ಟೋ ಜನ ಹತ್ತು ಸಾವಿರ ರೂಪಾಯಿ ಸುರಿದು, ಬಣ್ಣ ಬಣ್ಣದ ದೀಪ ಹಚ್ಚಿಸಿ, ಅಂದಕ್ಕೆಂದು ಕೀಲಿಗಳ ಮೇಲೆ ಜಪಾನಿ ಅಕ್ಷರದ ಟೋಪಿ ಹಾಕಿಸುತ್ತೀರಲ್ಲ! ಜಪಾನಿ ಓದಲು ಬರುತ್ತದೆಯೇ? ಇಲ್ಲ. ಬರೆಯಲು? ಅದೂ ಇಲ್ಲ. ನೋಡಲು ಚೆಂದ, ಅಷ್ಟೇ. ಕನ್ನಡದ ‘ಅ’ ಚೆಂದವಿಲ್ಲವೇ? ‘ಖ’ ಚೆಂದವಿಲ್ಲವೇ? ಇಡೀ ಜಗತ್ತಿನಲ್ಲಿ ಇಷ್ಟು ದುಂಡಾದ, ಇಷ್ಟು ಮುದ್ದಾದ ಅಕ್ಷರಗಳು ಎಷ್ಟು ಭಾಷೆಗಿವೆ? ಓದಲು ಬಾರದ ಲಿಪಿಗೆ ಹತ್ತು ಸಾವಿರ, ಅಮ್ಮ ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ ಲಿಪಿಗೆ ಹತ್ತು ರೂಪಾಯಿಯೂ ಇಲ್ಲವೇ?

ಕನ್ನಡ ಕೀಬೋರ್ಡಿಗೆ ಒಗ್ಗುವುದಿಲ್ಲ ಎನ್ನುವ ಸೋಮಾರಿಗಳಿಗೆ ಲೆಕ್ಕ ಕೊಡುತ್ತೇನೆ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮ್ಮ ಕೆ.ಪಿ. ರಾವ್ ಅವರು ಮಾಡಿಕೊಟ್ಟ ವಿನ್ಯಾಸವನ್ನೇ ಕರ್ನಾಟಕ ಸರ್ಕಾರ ಒಪ್ಪಿಕೊಂಡಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿರುವುದೂ ಅದೇ. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಒಟ್ಟು 5 ಸಲ ಒತ್ತಿದರೆ ಸಾಕು. ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು 7 ಸಲ ಒತ್ತಬೇಕು! ಕನ್ನಡದ ಪ್ರತಿ ವ್ಯಂಜನದೊಳಗೆ ‘ಅ’ಕಾರ ಕೂತಿದೆ, ಅದನ್ನು ಬೇರೆ ಒತ್ತುವುದು ಬೇಡ. ಇನ್ನೊಂದು ವಿಶೇಷ ನೋಡಿ. ಎಡಗೈ ತೋರುಬೆರಳು ಕೂರುವ ಎಫ್ ಕೀಲಿಯ ಮೇಲೆ ಒಂದು ಸಣ್ಣ ಗೀಟು ಉಬ್ಬಿರುತ್ತದೆ. ಅಕ್ಷರವನ್ನು ಅರ್ಧ ಮಾಡಿ ಒತ್ತಕ್ಷರ ಕೂರಿಸುವ ಕೀಲಿ ಅದೇ. ಅಂದರೆ ಕನ್ನಡದ ಅತಿ ಮುಖ್ಯ ಕೀಲಿ ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುವ ಜಾಗದಲ್ಲಿದೆ. ಗಾಜಿನ ಮೇಲೆ ಈ ಗೀಟನ್ನು ಎಲ್ಲಿ ಹುಡುಕುತ್ತೀರಿ?

ಇದನ್ನು ಬಿಟ್ಟು ಕಂಗ್ಲಿಷಿನಲ್ಲಿ ಬರೆದರೆ ಏನಾಗುತ್ತದೆ? ಪ್ರೆಸ್ಸಿಗೆ ಬರುವ ಮ್ಯಾಟರಿನಲ್ಲಿ ದಿನಾ ನೋಡುತ್ತಿದ್ದೇನೆ. ಗಿರಾಕಿಗಳು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುತ್ತಾರೆ. ಅದರಲ್ಲಿ ‘ಹಳ್ಳಿ’ಯೂ ಒಂದೇ, ‘ಹಲ್ಲಿ’ಯೂ ಒಂದೇ. ‘ಕಲ್ಲು’ ಯಾವುದು, ‘ಕಳ್ಳು’ ಯಾವುದು ಎಂದು ದೇವರೇ ಹೇಳಬೇಕು. ಹೀಗೇ ಮುಂದುವರಿದರೆ ನಿಮ್ಮ ಮಕ್ಕಳು ‘ನಮ್ಮ ಹಲ್ಲಿಯ ಜಾತ್ರೆ’ಗೆ ಹೋಗುತ್ತಾರೆ!

ಬೇರೆಯವರು ಏನು ಮಾಡಿದ್ದಾರೆ ನೋಡಿ. ರಷ್ಯಾದಲ್ಲಿ ಕೀಲಿಯ ಮೇಲೆ ರಷ್ಯನ್ ಅಕ್ಷರ, ಕೊರಿಯಾದಲ್ಲಿ ಕೊರಿಯನ್, ಥಾಯ್ಲೆಂಡಿನಲ್ಲಿ ಥಾಯ್. ಥಾಯ್ ಲಿಪಿಯಲ್ಲೂ ಅಕ್ಷರದ ಮೇಲೆ ಕೆಳಗೆ ಗುಣಿತದ ಚಿಹ್ನೆಗಳಿವೆ. ಅವರು ‘ಕಷ್ಟ’ ಎನ್ನಲಿಲ್ಲ. ಫ್ರಾನ್ಸ್ ದೇಶದ ಸಂಸ್ಕೃತಿ ಸಚಿವಾಲಯವಂತೂ 2016ರಲ್ಲಿ, ಅಂಗಡಿಯಲ್ಲಿ ಸಿಗುವ ಕೀಬೋರ್ಡುಗಳಲ್ಲಿ ಫ್ರೆಂಚನ್ನು ಸರಿಯಾಗಿ ಬರೆಯಲು ಹೆಚ್ಚುಕಡಿಮೆ ಆಗುವುದೇ ಇಲ್ಲ ಎಂದು ತಕರಾರು ತೆಗೆಯಿತು. 2019ರಲ್ಲಿ ಹೊಸ ಮಾನಕವನ್ನೇ ಹೊರತಂದರು. ದೊಡ್ಡಕ್ಷರದ ನೆತ್ತಿಯ ಮೇಲಿನ ಒಂದು ಗೀಟಿಗಾಗಿ ಅಷ್ಟು ಹಠ! ನಮಗೆ ವರ್ಣಮಾಲೆಯ 49 ಅಕ್ಷರವೂ ಇಲ್ಲ, ಆದರೂ ನಿದ್ದೆ ಚೆನ್ನಾಗಿ ಬರುತ್ತದೆ.

ನಮ್ಮ ಸರ್ಕಾರಗಳು? ಮೊಬೈಲ್ ಫೋನಿಗೆ ಕೇಂದ್ರ ಒಂದು ನಿಯಮ ಮಾಡಿತು. ಬರೆಯಲು ಇಂಗ್ಲಿಷ್ ಇರಬೇಕು, ಹಿಂದಿ ಇರಬೇಕು, ಜೊತೆಗೆ ‘ಇನ್ನೊಂದು’ ಭಾರತೀಯ ಭಾಷೆ ಇರಬೇಕು ಎಂದು. ಆ ‘ಇನ್ನೊಂದು’ ನಾವು! ರಾಜ್ಯ ಸರ್ಕಾರವೋ ನವೆಂಬರ್ ಬಂದರೆ ಬಾವುಟ ಹಾರಿಸುತ್ತದೆ. ಕನ್ನಡದ ವಿನ್ಯಾಸವನ್ನು ಒಪ್ಪಿಕೊಂಡದ್ದೂ ಇದೇ ಸರ್ಕಾರ. ಒಪ್ಪಿದ ವಿನ್ಯಾಸವನ್ನು ಕೀಲಿಯ ಮೇಲೆ ಮುದ್ರಿಸಿ ಕೊಡಿ ಎಂದು ಕಂಪ್ಯೂಟರ್ ಖರೀದಿಯ ಟೆಂಡರಿನಲ್ಲಿ ಒಂದು ಸಾಲು ಸೇರಿಸಲು ಕೈ ನೋಯುತ್ತದೆಯೇ? ಕಚೇರಿಗೆ, ಶಾಲೆಗೆ, ಗ್ರಾಮ ಪಂಚಾಯಿತಿಗೆ ಬರುವ ಪ್ರತಿ ಕೀಬೋರ್ಡಿನ ಮೇಲೆ ಕನ್ನಡ ಕಡ್ಡಾಯ ಎನ್ನಲಿ. ಅಷ್ಟು ದೊಡ್ಡ ಗಿರಾಕಿ ಕೇಳಿದರೆ ಮಾಡಿಕೊಡದ ಕಾರ್ಖಾನೆ ಯಾವುದಿದೆ?

ಬೇರೆಯವರನ್ನು ಬೈದು ನಮ್ಮ ತಪ್ಪು ಮುಚ್ಚಿಕೊಳ್ಳುವುದಿಲ್ಲ. ಪ್ರೆಸ್ಸಿನವರಾದ ನಾವೂ ತಪ್ಪಿತಸ್ಥರೇ. ಯುನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ನಮ್ಮಲ್ಲಿ ಹಲವರು ಇನ್ನೂ ಹಳೆಯ ಪೇಜ್‌ಮೇಕರ್, ಹಳೆಯ ಫಾಂಟು ಹಿಡಿದು ಕೂತಿದ್ದೇವೆ. ನಾವು ಟೈಪು ಮಾಡಿದ್ದು ನಮ್ಮ ಯಂತ್ರದಲ್ಲಿ ಕನ್ನಡ, ಬೇರೆಯವರ ಯಂತ್ರದಲ್ಲಿ ಅಕ್ಷರಗಳ ಚಿಂದಿ. ನಾನು ಬದಲಾಗಲು ವರ್ಷಗಳೇ ಹಿಡಿದವು. ಇದನ್ನು ತಲೆ ತಗ್ಗಿಸಿ ಒಪ್ಪುತ್ತೇನೆ.

ಈಗ ನಿಮ್ಮ ಸರದಿ. ಈ ವಾರ ಎಸ್.ಪಿ. ರಸ್ತೆಗೆ ಹೋಗಿ. ಒಂದೊಂದೇ ಅಂಗಡಿಯಲ್ಲಿ ನಿಂತು, “ಕನ್ನಡ ಅಕ್ಷರ ಇರುವ ಕೀಬೋರ್ಡ್ ಕೊಡಿ” ಎಂದು ಕೇಳಿ. ಇಲ್ಲ ಎನ್ನುತ್ತಾರೆ. ಗಲಾಟೆ ಮಾಡಬೇಡಿ, ಮುಂದಿನ ವಾರ ಮತ್ತೆ ಹೋಗಿ ಕೇಳಿ. ನೂರು ಹುಡುಗರು ಹತ್ತು ಸಲ ಕೇಳಿದರೆ ವ್ಯಾಪಾರಿ ತಾನಾಗಿಯೇ ತರಿಸುತ್ತಾನೆ. ಅವನಿಗೆ ಭಾಷೆಯಿಲ್ಲ, ಲಾಭವಿದೆ. ಅಲ್ಲಿಯವರೆಗೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿಕೊಳ್ಳಿ. ‘ನುಡಿ’ ಉಚಿತವಾಗಿ ಸಿಗುತ್ತದೆ, ಹಾಕಿಕೊಳ್ಳಿ. ದಿನಕ್ಕೆ ಇಪ್ಪತ್ತು ನಿಮಿಷ ಹತ್ತೂ ಬೆರಳಿನಿಂದ ಕನ್ನಡ ಕುಟ್ಟಿ. ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳುವ ಶಕ್ತಿ ಇರುವವರು ಕನ್ನಡದ ಕೀಲಿಟೋಪಿ ಬೇಕೆಂದು ಹಠ ಹಿಡಿಯಿರಿ.

ನಮ್ಮ ಪ್ರೆಸ್ಸಿಗೆ ಕನ್ನಡ ಟೈಪು ಮಾಡುವವರು ಬೇಕೆಂದು ಬೋರ್ಡು ಹಾಕಿ ಆರು ತಿಂಗಳಾಯಿತು. ಬಂದವರೆಲ್ಲ ಫೋನು ತೋರಿಸಿ “ಇದರಲ್ಲಿ ಬರುತ್ತೆ ಸಾರ್” ಎಂದರು. ಕೀಬೋರ್ಡ್ ಮುಂದೆ ಕೂರಿಸಿದರೆ ಅಕ್ಷರ ಹುಡುಕಿದರು. ಆ ಕುರ್ಚಿ ಇನ್ನೂ ಖಾಲಿ ಇದೆ. ಎದ್ದು ಬನ್ನಿ, ಕೂತುಕೊಳ್ಳಿ!