ವಿದೇಶಿ ಛಾಯಾಗ್ರಾಹಕ ಊರಿಗೆ ಮರಳುತ್ತಾನೆ, ಜೊತೆಗಿದ್ದವನು?



2007ರ ಸೆಪ್ಟೆಂಬರ್ 27. ಇಂಧನ ಬೆಲೆ ಏರಿಕೆಯ ವಿರುದ್ಧ ಮ್ಯಾನ್ಮಾರ್‌ನಲ್ಲಿ ಎದ್ದ ಪ್ರತಿಭಟನೆ ಬೌದ್ಧ ಭಿಕ್ಷುಗಳ ಮೆರವಣಿಗೆಯಾಗಿ ಬೆಳೆದಿತ್ತು. ಯಾಂಗೂನ್ ನಗರದಲ್ಲಿ ಅದನ್ನು ಚಿತ್ರೀಕರಿಸುತ್ತಿದ್ದ ಜಪಾನಿನ ಕೆಂಜಿ ನಗಾಯ್ ಸೈನಿಕನ ಗುಂಡಿಗೆ ಬಲಿಯಾದರು. ರಸ್ತೆಯಲ್ಲಿ ಬಿದ್ದಾಗಲೂ ಕೈಯಲ್ಲಿ ಕ್ಯಾಮೆರಾ ಇತ್ತು. ಆ ದೃಶ್ಯವನ್ನು ಸೆರೆಹಿಡಿದವರು ರಾಯಿಟರ್ಸ್‌ನ ಅದ್ರೀಸ್ ಲತೀಫ್. ಅವರೂ ವಿದೇಶಿಯರೇ. ಆ ಚಿತ್ರಕ್ಕೆ 2008ರ ಪುಲಿಟ್ಜರ್ ಪ್ರಶಸ್ತಿ ಬಂತು. ಕಾಣೆಯಾಗಿದ್ದ ನಗಾಯ್ ಅವರ ಕ್ಯಾಮೆರಾ ಸಹೋದರಿಯ ಕೈಸೇರಿದ್ದು 2023ರ ಏಪ್ರಿಲ್‌ನಲ್ಲಿ. ಅದನ್ನು ತಲುಪಿಸಿದ್ದು ‘ಡೆಮಾಕ್ರಟಿಕ್ ವಾಯ್ಸ್ ಆಫ್ ಬರ್ಮಾ’ ಎಂಬ ಅಲ್ಲಿನವರದೇ ಸುದ್ದಿಸಂಸ್ಥೆ.

ಇಂಥ ದೇಶದಲ್ಲಿ ವಿದೇಶಿ ಛಾಯಾಗ್ರಾಹಕನ ಕಷ್ಟ ವೀಸಾದಿಂದಲೇ ಶುರುವಾಗುತ್ತದೆ. ಪತ್ರಕರ್ತರ ವೀಸಾ ಕೊಡುವುದು, ಬಿಡುವುದು ಸರ್ಕಾರದ ಮರ್ಜಿ. ಪ್ರವಾಸಿಯಾಗಿ ಹೋದರೆ ಅದೇ ಅಪರಾಧ. ವರದಿಗಾರ ಫೋನಿನಲ್ಲಿ ಮಾತಾಡಿಯೂ ಸುದ್ದಿ ಬರೆಯಬಹುದು. ಛಾಯಾಗ್ರಾಹಕ ಸ್ಥಳದಲ್ಲೇ ಇರಬೇಕು, ಕ್ಯಾಮೆರಾ ಎತ್ತಲೇಬೇಕು. ತೆಗೆದ ಚಿತ್ರವೂ ಅಪಾಯಕಾರಿ. ಪ್ರತಿಭಟನಾಕಾರರ ಮುಖ ಸ್ಪಷ್ಟವಾಗಿ ಕಂಡರೆ ಪೊಲೀಸರಿಗೆ ಪಟ್ಟಿ ತಯಾರಿಸಿ ಕೊಟ್ಟಂತೆ.

ಆದರೂ ವಿದೇಶಿಯ ಬೆನ್ನಿಗೆ ಒಂದು ರಾಯಭಾರ ಕಚೇರಿ ಇರುತ್ತದೆ. 2021ರ ಫೆಬ್ರವರಿ 1ರ ಸೇನಾ ಕ್ರಾಂತಿಯ ನಂತರ ಇದು ಎದ್ದು ಕಂಡಿತು. 2022ರ ಜುಲೈನಲ್ಲಿ ಯಾಂಗೂನ್‌ನ ಪ್ರತಿಭಟನೆ ಚಿತ್ರೀಕರಿಸುವಾಗ ಜಪಾನಿನ ತೋರು ಕುಬೊಟಾ ಬಂಧಿತರಾದರು. ಅವರಿಗೆ 10 ವರ್ಷ ಶಿಕ್ಷೆಯಾಯಿತು. ವಲಸೆ ಕಾಯ್ದೆ ಉಲ್ಲಂಘನೆಯೂ ಆರೋಪಗಳಲ್ಲೊಂದು. ನವೆಂಬರ್‌ನಲ್ಲಿ ಕ್ಷಮಾದಾನ ಸಿಕ್ಕು ಊರಿಗೆ ಮರಳಿದರು.

ಸ್ಥಳೀಯರ ಕಥೆ ಬೇರೆ. 2021ರ ಡಿಸೆಂಬರ್‌ನಲ್ಲಿ ಯಾಂಗೂನ್‌ನ ‘ಮೌನ ಮುಷ್ಕರ’ದ ಚಿತ್ರ ತೆಗೆಯುತ್ತಿದ್ದ ಸೋ ನಾಯಿಂಗ್ ಬಂಧನವಾದ ನಾಲ್ಕೇ ದಿನಗಳಲ್ಲಿ ಸೇನೆಯ ವಶದಲ್ಲಿ ಸತ್ತರು. 2023ರ ಮೇ ತಿಂಗಳಲ್ಲಿ ಮೋಖಾ ಚಂಡಮಾರುತದ ಹಾನಿಯನ್ನು ಚಿತ್ರೀಕರಿಸಲು ಹೋದ ‘ಮ್ಯಾನ್ಮಾರ್ ನೌ’ ಛಾಯಾಗ್ರಾಹಕ ಸಾಯ್ ಜಾ ಥೈಕ್ ಅವರಿಗೆ 20 ವರ್ಷ ಶಿಕ್ಷೆ ವಿಧಿಸಲಾಯಿತು. ಬಿರುಗಾಳಿಯ ಚಿತ್ರ ತೆಗೆಯುವುದೂ ಅಲ್ಲಿ ರಾಜಕೀಯವೇ.

ಹಾಗೆಂದು ವಿದೇಶಿಯರು ಹೋಗಲೇಬಾರದೇ? ನಮಗೆ ಹಾಗನ್ನಿಸುವುದಿಲ್ಲ. ನಗಾಯ್ ಸಾವು ಜಗತ್ತಿಗೆ ಗೊತ್ತಾದದ್ದು ಮತ್ತೊಬ್ಬ ವಿದೇಶಿಯ ಕ್ಯಾಮೆರಾದಿಂದ. ಆದರೆ ಅವರಿಗೆ ದಾರಿ ತೋರಿಸುವವರು, ಮಾತು ಅನುವಾದಿಸುವವರು, ಸೈನಿಕರು ಯಾವ ಬೀದಿಯಲ್ಲಿದ್ದಾರೆಂದು ಎಚ್ಚರಿಸುವವರು ಸ್ಥಳೀಯರು. ಎರಡು ಭಾಷೆ ಬಲ್ಲವರ ಬೆಲೆ ಗಡಿಯೂರಿನ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕಚೇರಿಯ ಅರ್ಜಿಗೂ ಆಸ್ಪತ್ರೆಯ ಚೀಟಿಗೂ ಅಂಥವರನ್ನೇ ಹುಡುಕುತ್ತೇವೆ. ನಮ್ಮಲ್ಲಿ ಅದು ಉಪಕಾರ; ಅಲ್ಲಿ ಅದಕ್ಕೆ ಜೈಲು. ಚಿತ್ರ ಕಳಿಸಿ ವಿಮಾನ ಹತ್ತುವ ಮುನ್ನ, ಜೊತೆಗಿದ್ದವರ ಸುರಕ್ಷತೆಗೆ ಏನು ಏರ್ಪಾಡು ಮಾಡಿದ್ದೇವೆ ಎಂಬುದನ್ನು ಸುದ್ದಿಸಂಸ್ಥೆಗಳು ಕೇಳಿಕೊಳ್ಳಬೇಕು. ಸಂಬಳ, ವಿಮೆ, ವಕೀಲರ ಖರ್ಚು ಅವರಿಗೂ ಸಲ್ಲಬೇಕು.

ನಮ್ಮಿಂದಾಗುವ ಸಣ್ಣ ಕೆಲಸವೂ ಇದೆ. ವಾಟ್ಸಾಪ್ ಗುಂಪಿನಲ್ಲಿ ಇಂಥ ಚಿತ್ರ ಹಂಚುವಾಗ ಛಾಯಾಗ್ರಾಹಕರ ಹೆಸರನ್ನು ಕತ್ತರಿಸದಿರೋಣ. ಹೆಸರೇ ಇಲ್ಲದಿದ್ದರೆ, ತೆಗೆದವರು ಇನ್ನೂ ಅಲ್ಲೇ ಇರಬಹುದು ಎಂಬುದು ನೆನಪಿರಲಿ.