ಸ್ಪಿರಿಟ್ ಎಲ್ಲವೂ ಒಂದೇ ಅಲ್ಲ: ಮೆಥನಾಲ್ ಬಗ್ಗೆ ತಿಳಿದಿರಬೇಕಾದ್ದು

'ಲ್ಯಾಬ್‌ನಲ್ಲಿ ಇರೋದೂ ಆಲ್ಕೋಹಾಲ್, ಬಾಟಲಿಯಲ್ಲಿ ಇರೋದೂ ಆಲ್ಕೋಹಾಲ್. ನೀರು ಬೆರೆಸಿದರೆ ಏನೂ ಆಗಲ್ಲ.' ಈ ಮಾತು ಹಾಸ್ಟೆಲ್ ಹರಟೆಯಲ್ಲೂ ಕೇಳುತ್ತದೆ, ವಾಟ್ಸ್ಆ್ಯಪ್ ಗುಂಪುಗಳಲ್ಲೂ ಓಡಾಡುತ್ತದೆ. ಜೊತೆಗೆ 'ಬೆಂಕಿ ಹಚ್ಚಿ ನೋಡಿ, ನೀಲಿಯಾಗಿ ಉರಿದರೆ ಶುದ್ಧ', 'ಕುದಿಸಿದರೆ ವಿಷ ಆವಿಯಾಗಿ ಹೋಗುತ್ತೆ' ಎಂಬ ಸಲಹೆಗಳೂ ಬರುತ್ತವೆ. ಇವು ಮೂರೂ ತಪ್ಪು. ಬರೀ ತಪ್ಪಲ್ಲ, ನಂಬಿದವರ ಕಣ್ಣನ್ನೋ ಪ್ರಾಣವನ್ನೋ ತೆಗೆಯುವಂಥ ತಪ್ಪು. ಹಾಗಾಗಿ ಈ ಬಾರಿ ಮೆಥನಾಲ್ ಎಂಬ ರಾಸಾಯನಿಕದ ಬಗ್ಗೆ ವಿವರವಾಗಿ ನೋಡೋಣ.

ಮೆಥನಾಲ್ ಎಂದರೇನು?

ಆಲ್ಕೋಹಾಲ್ ಎನ್ನುವುದು ಒಂದು ವಸ್ತುವಿನ ಹೆಸರಲ್ಲ, ಒಂದು ಕುಟುಂಬದ ಹೆಸರು. ಬಿಯರ್, ಬ್ರಾಂದಿ, ಹೆಂಡದಲ್ಲಿ ಇರುವುದು ಎಥನಾಲ್. ಆಸ್ಪತ್ರೆಯಲ್ಲಿ ಚರ್ಮ ಒರೆಸಲು ಬಳಸುವ ದ್ರವಗಳಲ್ಲಿ ಹಲವು ಐಸೊಪ್ರೊಪೈಲ್ ಆಲ್ಕೋಹಾಲ್‌ನವು. ಇದೇ ಕುಟುಂಬದ ಅತ್ಯಂತ ಚಿಕ್ಕ ಸದಸ್ಯ ಮೆಥನಾಲ್. ಇದರಲ್ಲಿ ಒಂದೇ ಒಂದು ಇಂಗಾಲದ ಪರಮಾಣು, ಎಥನಾಲ್‌ನಲ್ಲಿ ಎರಡು. ಕಾಗದದ ಮೇಲೆ ಇಷ್ಟೇ ವ್ಯತ್ಯಾಸ. ನೋಡಲು ಎರಡೂ ನೀರಿನಂತೆ ತಿಳಿ, ವಾಸನೆ ಹತ್ತಿರ ಹತ್ತಿರ, ಎರಡೂ ನೀರಿನಲ್ಲಿ ಪೂರ್ತಿ ಬೆರೆಯುತ್ತವೆ. ಕಣ್ಣು, ಮೂಗು, ನಾಲಿಗೆ ಯಾವುದರಿಂದಲೂ ಇವನ್ನು ಖಚಿತವಾಗಿ ಬೇರೆ ಮಾಡಿ ಗುರುತಿಸಲು ಆಗುವುದಿಲ್ಲ. ಅಪಾಯ ಶುರುವಾಗುವುದೇ ಇಲ್ಲಿಂದ.

ಕಾಲೇಜು ಮತ್ತು ಸಂಶೋಧನಾ ಲ್ಯಾಬ್‌ಗಳಲ್ಲಿ ಮೆಥನಾಲ್ ಇಲ್ಲದೆ ಕೆಲಸ ಸಾಗದು. ಗಿಡಮೂಲಿಕೆಯಿಂದ ಸಾರ ತೆಗೆಯಲು, ಔಷಧಗಳ ಶುದ್ಧತೆ ಅಳೆಯುವ ಯಂತ್ರಗಳಲ್ಲಿ ಹರಿಸಲು, ರಕ್ತದ ಸ್ಲೈಡ್‌ಗಳನ್ನು ಗಟ್ಟಿಗೊಳಿಸಲು ಇದೇ ಬೇಕು. ಕಾರ್ಖಾನೆಗಳಲ್ಲಿ ಫಾರ್ಮಾಲ್ಡಿಹೈಡ್, ಬಣ್ಣ, ಅಂಟು, ಜೈವಿಕ ಡೀಸೆಲ್ ತಯಾರಿಸಲು ಬೇಕು. ಹಾಗಾಗಿ ಇದನ್ನು ಇಲ್ಲವಾಗಿಸಲು ಸಾಧ್ಯವಿಲ್ಲ, ತಿಳಿದು ಬಳಸಬೇಕು.

ಭದ್ರಾವತಿಗೂ ಇದಕ್ಕೂ ಏನು ಸಂಬಂಧ?

ಮೆಥನಾಲ್‌ನ ಹಳೆಯ ಹೆಸರು 'ಮರದ ಸ್ಪಿರಿಟ್'. ಗಾಳಿಯಾಡದಂತೆ ಮುಚ್ಚಿದ ಪಾತ್ರೆಯಲ್ಲಿ ಕಟ್ಟಿಗೆಯನ್ನು ಕಾಯಿಸಿದರೆ ಅದು ಉರಿಯುವುದಿಲ್ಲ, ಇದ್ದಿಲಾಗುತ್ತದೆ. ಆಗ ಹೊರಬರುವ ಹೊಗೆಯನ್ನು ತಣಿಸಿದರೆ ಟಾರು, ಅಸಿಟಿಕ್ ಆಮ್ಲ ಮತ್ತು ಮೆಥನಾಲ್ ಸಿಗುತ್ತವೆ. 1661ರಲ್ಲಿ ರಾಬರ್ಟ್ ಬಾಯ್ಲ್ ಇದನ್ನು ಬೇರ್ಪಡಿಸಿದ್ದು ಹೀಗೆಯೇ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಹೆಸರಿನಲ್ಲೇ 'ವುಡ್ ಡಿಸ್ಟಿಲೇಷನ್' ಎಂಬ ಪದವಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಂದಿಗೆ ಬೆಸೆದುಕೊಂಡ ಈ ಕಾರ್ಖಾನೆಯ ಕುಲುಮೆ ಉರಿದದ್ದು ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ. ಇದ್ದಿಲು ಮಾಡುವಾಗ ಹೊಗೆಯನ್ನು ವ್ಯರ್ಥ ಬಿಡದೆ ಅದರಿಂದ ಟಾರು, ಅಸಿಟೇಟ್, ಮರದ ಸ್ಪಿರಿಟ್ ತೆಗೆಯುವ ಯೋಜನೆ ಅದಾಗಿತ್ತು. ಅದೇ 1923ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಅನಿಲಗಳಿಂದ ಮೆಥನಾಲ್ ತಯಾರಿಸುವ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿತು. ಅಲ್ಲಿಂದ ಮುಂದೆ ಮರದಿಂದ ತೆಗೆಯುವುದು ಲಾಭದ ಮಾತಾಗಿ ಉಳಿಯಲಿಲ್ಲ. ಈಗ ಜಗತ್ತಿನ ಮೆಥನಾಲ್ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಒಂದು ಕಾಲಕ್ಕೆ ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರಿನ ಚರಿತ್ರೆಯಲ್ಲಿ ಈ ದ್ರವಕ್ಕೂ ಒಂದು ಪುಟವಿದೆ.

ಇಂದೂ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ವಿಜ್ಞಾನ ಕಾಲೇಜುಗಳಿವೆ. ಲ್ಯಾಬ್ ಕೋಟು ಹಾಕುವ ಮಕ್ಕಳು ಈ ಭಾಗದ ಎಷ್ಟೋ ಮನೆಗಳಲ್ಲಿದ್ದಾರೆ. ಹಾಗಾಗಿ ಇದು ದೂರದ ವಿಷಯವಲ್ಲ.

ಕುಡಿದರೆ ದೇಹದಲ್ಲಿ ಏನಾಗುತ್ತದೆ?

ಮೆಥನಾಲ್ ತಾನಾಗಿ ಅಷ್ಟು ದೊಡ್ಡ ವಿಷವಲ್ಲ. ಅದನ್ನು ವಿಷವಾಗಿಸುವುದು ನಮ್ಮದೇ ಯಕೃತ್ತು. ಎಥನಾಲ್ ಒಳಗೆ ಹೋದರೆ ಯಕೃತ್ತಿನ ಕಿಣ್ವಗಳು ಅದನ್ನು ಕೊನೆಗೆ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವ ಆಮ್ಲವಾಗಿ ಬದಲಿಸುತ್ತವೆ. ಅದೇ ಕಿಣ್ವಗಳು ಮೆಥನಾಲ್ ಅನ್ನು ಮೊದಲು ಫಾರ್ಮಾಲ್ಡಿಹೈಡ್ ಆಗಿ, ನಂತರ ಫಾರ್ಮಿಕ್ ಆಮ್ಲವಾಗಿ ಬದಲಿಸುತ್ತವೆ. ಫಾರ್ಮಿಕ್ ಆಮ್ಲ ಎಂದರೆ ಕೆಂಪಿರುವೆ ಕಚ್ಚಿದಾಗ ಉರಿಯುವಂತೆ ಮಾಡುವ ಆಮ್ಲ. ಇದು ರಕ್ತದಲ್ಲಿ ಸೇರಿ, ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳದಂತೆ ತಡೆಯುತ್ತದೆ. ಕಣ್ಣಿನ ನರಕ್ಕೆ ಇದರ ಪೆಟ್ಟು ವಿಶೇಷವಾಗಿ ಜೋರು.

ಶುದ್ಧ ಮೆಥನಾಲ್ 10 ಮಿ.ಲೀ., ಅಂದರೆ ಸುಮಾರು ಎರಡು ಟೀ ಚಮಚ, ಹೊಟ್ಟೆಗೆ ಹೋದರೂ ದೃಷ್ಟಿ ಶಾಶ್ವತವಾಗಿ ಹೋಗಬಹುದು. 30 ಮಿ.ಲೀ. ಪ್ರಾಣಕ್ಕೇ ಕುತ್ತು ತರಬಹುದು.

ಇನ್ನೂ ಮೋಸದ ಸಂಗತಿ ಎಂದರೆ ಇದು ತಕ್ಷಣ ತೋರಿಸಿಕೊಳ್ಳುವುದಿಲ್ಲ. ಮೊದಲು ಸಾಮಾನ್ಯ ಅಮಲಿನಂತೆಯೇ ಇರುತ್ತದೆ. ಮೆಥನಾಲ್ ಆಮ್ಲವಾಗಿ ಬದಲಾಗಲು ಸಮಯ ಬೇಕಾದ್ದರಿಂದ 12ರಿಂದ 24 ಗಂಟೆಯವರೆಗೆ ಮನುಷ್ಯ ಚೆನ್ನಾಗಿಯೇ ಇರಬಹುದು. ನಂತರ ತಲೆನೋವು, ವಾಂತಿ, ಹೊಟ್ಟೆನೋವು, ಜೋರು ಉಸಿರಾಟ ಶುರುವಾಗುತ್ತವೆ. ಆಗುಂಬೆಯ ಮಂಜಿನಲ್ಲಿ ನಿಂತಂತೆ ಕಣ್ಣ ಮುಂದೆ ಎಲ್ಲ ಬೆಳ್ಳಗೆ ಮಸುಕಾಗುತ್ತದೆ. ಮನೆಯವರು 'ರಾತ್ರಿ ಜಾಸ್ತಿ ಆಗಿದೆ, ಮಲಗಲಿ ಬಿಡಿ' ಎಂದುಕೊಳ್ಳುವ ಹೊತ್ತಿಗೆ ಚಿಕಿತ್ಸೆಯ ಅಮೂಲ್ಯ ಗಂಟೆಗಳು ಕಳೆದುಹೋಗಿರುತ್ತವೆ.

ನಮ್ಮ ರಾಜ್ಯದಲ್ಲಿ ಆಗಿದೆಯೇ?

ಆಗಿದೆ, ಒಂದಲ್ಲ ಎರಡು ಸಲ ದೊಡ್ಡ ಪ್ರಮಾಣದಲ್ಲಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. 2007ರ ಜುಲೈನಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಕೃಷ್ಣಗಿರಿ ಭಾಗದಲ್ಲಿ ಮತ್ತೆ 150ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಸತ್ತವರು 60ಕ್ಕೂ ಹೆಚ್ಚು. ಸತ್ತವರಲ್ಲಿ ಬಹುಪಾಲು ದಿನಗೂಲಿ ಮಾಡುವವರು. ಕಾರ್ಖಾನೆಗೆಂದು ಬರುವ ಮೆಥನಾಲ್ ಅಗ್ಗ. ಕಾಸಿನಾಸೆಗೆ ಅದನ್ನು ಮದ್ಯಕ್ಕೆ ಬೆರೆಸುವವರು ಇರುವ ತನಕ ಈ ಪಟ್ಟಿ ಮುಗಿಯದು.

ಸುಳ್ಳು ಸಂದೇಶವೂ ಕೊಲ್ಲುತ್ತದೆ ಎಂಬುದಕ್ಕೆ 2020ರ ಇರಾನ್ ಸಾಕ್ಷಿ. ಆಲ್ಕೋಹಾಲ್ ಕುಡಿದರೆ ಕೊರೊನಾ ಬರುವುದಿಲ್ಲ ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಹಬ್ಬಿ, ಮೆಥನಾಲ್ ಬೆರೆತ ದ್ರವ ಕುಡಿದ ನೂರಾರು ಜನ ಅಲ್ಲಿ ಸತ್ತರು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮೆಥನಾಲ್ ಬೆರೆತ ಸ್ಯಾನಿಟೈಸರ್‌ಗಳ ವಿರುದ್ಧ ಎಚ್ಚರಿಕೆ ನೀಡಬೇಕಾಯಿತು.

ಕುಡಿಯದಿದ್ದರೆ ಅಪಾಯವಿಲ್ಲವೇ?

ಇದೆ. ಮೆಥನಾಲ್ ಚರ್ಮದ ಮೂಲಕವೂ ಉಸಿರಿನ ಮೂಲಕವೂ ದೇಹ ಸೇರುತ್ತದೆ. ಬೆರಳಿಗೆ ಒಂದು ಹನಿ ತಾಗಿದ ಕೂಡಲೇ ಗಾಬರಿಪಡಬೇಕಾಗಿಲ್ಲ, ನೀರಿನಲ್ಲಿ ತೊಳೆದರೆ ಸಾಕು. ಆದರೆ ನೆನೆದ ಬಟ್ಟೆಯಲ್ಲೇ ಗಂಟೆಗಟ್ಟಲೆ ಇರುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಬಳಸುವುದು ಖಂಡಿತ ಅಪಾಯ.

ಇನ್ನೊಂದು ಅಪಾಯ ಬೆಂಕಿ. ಮೆಥನಾಲ್ ಕುದಿಯುವುದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಹೊತ್ತಿಕೊಳ್ಳುವಷ್ಟು ಆವಿ ಏಳಲು ಸುಮಾರು 11 ಡಿಗ್ರಿ ಸಾಕು. ಭದ್ರಾವತಿಯ ಚಳಿಗಾಲದ ಮುಂಜಾನೆಯೂ ಅದಕ್ಕೆ ಸಾಕಷ್ಟು ಬಿಸಿಯೇ. ಇದರ ಜ್ವಾಲೆ ತೆಳು ನೀಲಿ, ಹಗಲು ಬೆಳಕಿನಲ್ಲಿ ಕಾಣುವುದೇ ಕಷ್ಟ. ಆರಿದೆ ಎಂದುಕೊಂಡು ಮತ್ತೆ ಸುರಿದಾಗ ಬೆಂಕಿ ಧಾರೆಗುಂಟ ಬಾಟಲಿಯೊಳಕ್ಕೆ ನುಗ್ಗಿ, ಅಲ್ಲಿಂದ ಎದುರಿಗಿದ್ದವರ ಮೇಲೆ ಚಿಮ್ಮುತ್ತದೆ. ಉಪ್ಪುಗಳನ್ನು ಮೆಥನಾಲ್‌ನಲ್ಲಿ ಉರಿಸಿ ಬಣ್ಣಬಣ್ಣದ ಜ್ವಾಲೆ ತೋರಿಸುವ ಪ್ರಯೋಗದಲ್ಲಿ ಅಮೆರಿಕದ ಎಷ್ಟೋ ಶಾಲಾ ಮಕ್ಕಳು ಸುಟ್ಟುಕೊಂಡಿದ್ದಾರೆ. ಅಲ್ಲಿನ ರಾಸಾಯನಿಕ ಸುರಕ್ಷತಾ ಮಂಡಳಿ 2014ರಲ್ಲಿ ಇದರ ವಿರುದ್ಧ ವಿಶೇಷ ಎಚ್ಚರಿಕೆ ಪ್ರಕಟಿಸಿತು. ಇಂಥ ವಿಡಿಯೊ ನಿಮ್ಮ ಮಕ್ಕಳ ಫೋನಿನಲ್ಲಿ ಬಂದರೆ ಮನೆಯಲ್ಲಿ ಮಾಡಿ ನೋಡಲು ಬಿಡಬೇಡಿ.

ಲ್ಯಾಬ್‌ನಲ್ಲಿ ಪಾಲಿಸಬೇಕಾದ್ದು

* ಬಾಟಲಿಯ ಮೇಲೆ ಹೆಸರು ಮತ್ತು ವಿಷದ ಚಿಹ್ನೆ ಇರಲೇಬೇಕು. ನೀರಿನ, ಜ್ಯೂಸಿನ ಬಾಟಲಿಗೆ ಯಾವ ಕಾರಣಕ್ಕೂ ಸುರಿಯಬೇಡಿ.
* ಹೊಗೆ ಹೀರುವ ಫ್ಯೂಮ್ ಹುಡ್‌ನೊಳಗೆ ಅಥವಾ ಚೆನ್ನಾಗಿ ಗಾಳಿಯಾಡುವಲ್ಲಿ ಕೆಲಸ ಮಾಡಿ. ಪಿಪೆಟ್ಟನ್ನು ಬಾಯಲ್ಲಿ ಎಳೆಯಬೇಡಿ.
* ಕನ್ನಡಕ, ಕೋಟು, ಕೈಗವಸು ಇರಲಿ. ತೆಳು ನೈಟ್ರೈಲ್ ಕೈಗವಸು ಒಂದೆರಡು ಹನಿ ಸಿಡಿದರೆ ತಡೆಯುತ್ತದೆ ಅಷ್ಟೆ. ಒದ್ದೆಯಾದರೆ ಕೂಡಲೇ ಬದಲಿಸಿ. ಹೆಚ್ಚು ಹೊತ್ತಿನ ಕೆಲಸಕ್ಕೆ ಬ್ಯುಟೈಲ್ ರಬ್ಬರಿನದು ಬೇಕು.
* ಬರ್ನರ್, ಹಾಟ್ ಪ್ಲೇಟ್, ಸ್ವಿಚ್‌ಗಳ ಹತ್ತಿರ ಇಡಬೇಡಿ. ಉರಿಯುತ್ತಿರುವ ಸ್ಪಿರಿಟ್ ದೀಪಕ್ಕೆ ಮತ್ತೆ ತುಂಬಬೇಡಿ.
* ನೈಟ್ರಿಕ್ ಆಮ್ಲ, ಪರ್ಮಾಂಗನೇಟ್, ಪೆರಾಕ್ಸೈಡ್‌ಗಳ ಜೊತೆ ಒಂದೇ ಕಪಾಟಿನಲ್ಲಿ ಬೇಡ.
* ಉಳಿದದ್ದನ್ನು ಸಿಂಕಿಗೆ ಸುರಿಯದೆ ತ್ಯಾಜ್ಯದ ಕ್ಯಾನ್‌ನಲ್ಲಿ ಹಾಕಿ.
* ಬೆಂಕಿಗೆ ಒಣ ಪುಡಿಯ ಅಥವಾ ಕಾರ್ಬನ್ ಡೈಆಕ್ಸೈಡ್‌ನ ನಂದಕ ಹತ್ತಿರವಿರಲಿ.

ಈಗ ಫಾರ್ವರ್ಡ್‌ಗಳಿಗೆ ಬರೋಣ

'ನೀಲಿ ಜ್ವಾಲೆ ಬಂದರೆ ಶುದ್ಧ': ಸುಳ್ಳು. ಎಥನಾಲ್ ಕೂಡ ನೀಲಿಯಾಗಿ ಉರಿಯುತ್ತದೆ, ಮೆಥನಾಲ್ ಕೂಡ. ಎರಡೂ ಬೆರೆತಿದ್ದರೆ ಜ್ವಾಲೆ ನೋಡಿ ಹೇಳಲು ಯಾರಿಗೂ ಆಗದು. ಅದನ್ನು ಹೇಳಬಲ್ಲದ್ದು ಲ್ಯಾಬ್ ಪರೀಕ್ಷೆ ಮಾತ್ರ.

'ಕುದಿಸಿದರೆ ವಿಷ ಹೋಗುತ್ತದೆ': ಸುಳ್ಳು. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಎರಡರ ಅಂತರ ಸಣ್ಣದು, ಜೊತೆಗೆ ಎರಡೂ ಬೆರೆತು ಆವಿಯಾಗುತ್ತವೆ. ಮೆಥನಾಲ್ ಪಾತ್ರೆಯಲ್ಲಿ ಉಳಿದೇ ಉಳಿಯುತ್ತದೆ, ಮೇಲಿಂದ ಬೆಂಕಿ ಹೊತ್ತುವ ಅಪಾಯ ಬೇರೆ.

'ಮಜ್ಜಿಗೆ, ನಿಂಬೆರಸ, ಎಳನೀರು ಕುಡಿಸಿದರೆ ಇಳಿಯುತ್ತದೆ': ಸುಳ್ಳು. ಇವು ಯಾವುವೂ ಫಾರ್ಮಿಕ್ ಆಮ್ಲ ಆಗುವುದನ್ನು ತಡೆಯುವುದಿಲ್ಲ. ಇವುಗಳಿಂದ ಆಗುವುದು ಒಂದೇ, ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ.

'ಒಳ್ಳೆಯ ಬ್ರಾಂದಿ ಕುಡಿಸಿದರೆ ಗುಣವಾಗುತ್ತದೆ': ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಯಕೃತ್ತಿನ ಕಿಣ್ವ ಮೆಥನಾಲ್‌ಗಿಂತ ಎಥನಾಲ್ ಅನ್ನೇ ಮೊದಲು ಹಿಡಿಯುತ್ತದೆ. ಆದ್ದರಿಂದ ವೈದ್ಯರು ಫೋಮೆಪಿಜೋಲ್ ಎಂಬ ಔಷಧವನ್ನು, ಅದು ಸಿಗದಿದ್ದರೆ ಎಥನಾಲ್ ಅನ್ನು, ರಕ್ತ ಪರೀಕ್ಷೆ ಮಾಡುತ್ತಾ ಅಳೆದು ಕೊಡುತ್ತಾರೆ. ಜೊತೆಗೆ ಡಯಾಲಿಸಿಸ್ ಬೇಕಾಗಬಹುದು. ಇದು ಮನೆಯಲ್ಲಿ ಮಾಡುವ ಮದ್ದಲ್ಲ.

'ಹಣ್ಣಿನ ರಸದಲ್ಲೂ ಮೆಥನಾಲ್ ಇದೆ': ನಿಜ, ಆದರೆ ಹೆದರಬೇಕಿಲ್ಲ. ಹಣ್ಣಿನಲ್ಲಿ ಇದು ಅತ್ಯಲ್ಪವಾಗಿ ಸಹಜವಾಗಿಯೇ ಇರುತ್ತದೆ, ದೇಹ ಅದನ್ನು ನಿಭಾಯಿಸುತ್ತದೆ. ವಿಷವಾಗುವುದು ಪ್ರಮಾಣ ಮೀರಿದಾಗ.

ಯಾರಾದರೂ ಕುಡಿದಿದ್ದರೆ ಏನು ಮಾಡಬೇಕು?

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಡಯಾಲಿಸಿಸ್ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಕುಡಿದ ಬಾಟಲಿಯನ್ನು ಜೊತೆಗೆ ಒಯ್ಯಿರಿ, 'ಮೆಥನಾಲ್ ಇರಬಹುದು' ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮರ್ಯಾದೆಗೆ ಅಂಜಿ ಮುಚ್ಚಿಟ್ಟರೆ ನಷ್ಟ ನಿಮ್ಮವರಿಗೇ. ಒಟ್ಟಿಗೆ ಕುಡಿದ ಬೇರೆಯವರು ಚೆನ್ನಾಗಿ ಕಂಡರೂ ಅವರನ್ನೂ ಕರೆದೊಯ್ಯಿರಿ. ಕಣ್ಣಿಗೆ ಸಿಡಿದಿದ್ದರೆ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ನಂತರ ವೈದ್ಯರಲ್ಲಿಗೆ ಹೋಗಿ.

ಬೇಗ ಚಿಕಿತ್ಸೆ ಸಿಕ್ಕಿದರೆ ಪ್ರಾಣವೂ ಉಳಿಯುತ್ತದೆ, ಕಣ್ಣೂ ಉಳಿಯಬಹುದು. ಜ್ವಾಲೆ ಪರೀಕ್ಷೆಯ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಅದರ ಕೆಳಗೆ ಒಂದೇ ಸಾಲು ಬರೆಯಿರಿ: ಕುಡಿದದ್ದರಲ್ಲಿ ಅನುಮಾನವಿದ್ದರೆ ಪರೀಕ್ಷೆ ಬೇಡ, ಆಸ್ಪತ್ರೆಗೆ ಹೋಗಿ.