ಬೀದರದ ಕ್ಷೌರಿಕನೂ ಸಿಖ್ಖರ ಕೇಶವ್ರತವೂ

ಸಿಖ್ಖರು ಕೂದಲನ್ನು ಕತ್ತರಿಸುವುದಿಲ್ಲವೆಂಬ ಸಂಗತಿ ನಮ್ಮಲ್ಲಿ ಎಲ್ಲರಿಗೂ ತಿಳಿದಿದೆ. ಏತಕ್ಕೆ ಕತ್ತರಿಸುವುದಿಲ್ಲವೆಂದು ವಿಚಾರಿಸಿದವರು ಮಾತ್ರ ವಿರಳ. ಪಂಜಾಬವು ದೂರದ ನಾಡು, ಅಲ್ಲಿಯ ಆಚಾರ ಅಲ್ಲಿಯವರಿಗೆ, ನಮಗೇಕೆ ಅದರ ಗೊಡವೆ ಎಂದು ಸುಮ್ಮನಿರುವವರೇ ಹೆಚ್ಚು. ಆದರೆ ಈ ವ್ರತವನ್ನು ಗುರುವಿನ ಸನ್ನಿಧಿಯಲ್ಲಿ ಮೊಟ್ಟಮೊದಲು ಕೈಕೊಂಡ ಐವರಲ್ಲಿ ಒಬ್ಬನು ನಮ್ಮ ಬೀದರದವನು. ಅಷ್ಟೇ ಅಲ್ಲ, ಕಸುಬಿನಿಂದ ಕ್ಷೌರಿಕನು. ಊರವರ ತಲೆ ಬೋಳಿಸಿ ಹೊಟ್ಟೆ ಹೊರೆಯುತ್ತಿದ್ದ ಜಾತಿಯಲ್ಲಿ ಹುಟ್ಟಿದವನು, ಕತ್ತಿಯ ಸೋಂಕಿಲ್ಲದ ಕೇಶವನ್ನೇ ಧರ್ಮದ ಮುದ್ರೆಯನ್ನಾಗಿ ಧರಿಸಿದನೆಂಬುದು ಕನ್ನಡಿಗರು ತಿಳಿಯತಕ್ಕ ವೃತ್ತಾಂತವಾಗಿದೆ.

1699ನೆಯ ಇಸವಿಯ ವೈಶಾಖಿಯ ದಿನ ಆನಂದಪುರದಲ್ಲಿ ಹತ್ತನೆಯ ಗುರುಗಳಾದ ಗೋವಿಂದಸಿಂಹರು ನೆರೆದ ಸಭೆಯ ಮುಂದೆ ಖಡ್ಗವನ್ನು ಹಿರಿದು ನಿಂತು, ಧರ್ಮಕ್ಕಾಗಿ ತಲೆಯನ್ನು ಕೊಡುವವರಾರೆಂದು ಕೇಳಿದರೆಂದು ಸಿಖ್ಖರ ಇತಿಹಾಸವು ಹೇಳುತ್ತದೆ. ಒಬ್ಬೊಬ್ಬರಾಗಿ ಐವರು ಎದ್ದರು. ಲಾಹೋರಿನ ಖತ್ರಿ ದಯಾರಾಮ, ಹಸ್ತಿನಾಪುರದ ಜಾಟ ಧರ್ಮದಾಸ, ಜಗನ್ನಾಥಪುರಿಯ ನೀರು ಹೊರುವ ಹಿಮ್ಮತರಾಯ, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಮೊಹಕಮಚಂದ, ಬೀದರದ ಕ್ಷೌರಿಕ ಸಾಹಿಬಚಂದ, ಇವರೇ ಆ ಐವರು. ಕಬ್ಬಿಣದ ಒಂದೇ ಪಾತ್ರೆಯಲ್ಲಿ ನೀರಿಗೆ ಸಕ್ಕರೆ ಬೆರಸಿ, ಇಬ್ಬಾಯ ಖಡ್ಗದಿಂದ ಕಲಕಿ, ಅದನ್ನೇ ಅಮೃತವೆಂದು ಐವರಿಗೂ ಕೊಟ್ಟರು. ಅದನ್ನು ಕುಡಿದೊಡನೆ ಐದು ಜಾತಿಗಳು ಹೋಗಿ ಒಂದೇ ಖಾಲ್ಸಾ ಆಯಿತು, ಸಾಹಿಬಚಂದನು ಸಾಹಿಬಸಿಂಹರಾದರು. ಆ ಬಳಿಕ ಗುರುಗಳೇ ಆ ಐವರ ಮುಂದೆ ಕೈಮುಗಿದು, ತಮಗೂ ಅಮೃತವನ್ನು ಕೊಡಬೇಕೆಂದು ಬೇಡಿ ಅವರ ಕೈಯಿಂದ ದೀಕ್ಷೆ ಹೊಂದಿದರು. ನಮ್ಮ ನಾಡಿನ ಒಬ್ಬ ಕ್ಷೌರಿಕನ ಮುಂದೆ ಒಂದು ಧರ್ಮದ ಗುರು ಶಿಷ್ಯನಾಗಿ ನಿಂತನೆಂಬುದಕ್ಕಿಂತ ದೊಡ್ಡ ಮಾತು ಯಾವುದಿದೆ? ಸಾಹಿಬಸಿಂಹರು ಕಡೆಗೆ ಚಮಕೌರಿನ ಯುದ್ಧದಲ್ಲಿ ಹಿಮ್ಮತಸಿಂಹ, ಮೊಹಕಮಸಿಂಹರೊಡನೆ ಹೋರಾಡಿ ಮಡಿದರು. ಕೊಡುತ್ತೇನೆಂದ ತಲೆಯನ್ನು ಕೊಟ್ಟೇ ಕೊಟ್ಟರು.

ಇದರ ಬೆಲೆಯನ್ನು ಅರಿಯಬೇಕಾದರೆ ನಮ್ಮ ಹಳ್ಳಿಗಳನ್ನು ನೆನೆಯಬೇಕು. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂತಹ ಹೋಬಳಿಯ ಊರಿನಲ್ಲಾಗಲಿ, ಹೊಳಲ್ಕೆರೆ ಹಿರಿಯೂರುಗಳ ಕಡೆಯಲ್ಲಾಗಲಿ, ಹಿಂದೆ ಕ್ಷೌರಿಕನು ಆಯಗಾರರಲ್ಲೊಬ್ಬನು. ವರ್ಷವೆಲ್ಲ ಮನೆಮನೆಗೆ ತಿರುಗಿ ದುಡಿದು, ಸುಗ್ಗಿಯಲ್ಲಿ ಕಣದ ಅಂಚಿಗೆ ಬಂದು ತನ್ನ ಪಾಲಿನ ಧಾನ್ಯವನ್ನು ಕಾಯುವನು. ಚೌಲಕ್ಕೆ ಅವನು ಬೇಕು, ಮದುವೆಯ ವಾಲಗಕ್ಕೆ ಅವನು ಬೇಕು, ಸಾವಿನ ಮನೆಗೂ ಅವನು ಬೇಕು. ಆದರೆ ಮುಂಜಾನೆ ಅವನ ಮುಖ ಕಂಡರೆ ಅಪಶಕುನ. ಅವನ ಕಸುಬಿನ ಹೆಸರನ್ನು ಇಂದಿಗೂ ಬೈಗುಳವಾಗಿ ಆಡುವವರು ನಮ್ಮ ಪೇಟೆಗಳಲ್ಲಿ ಇಲ್ಲದೆ ಇಲ್ಲ. ದಲಿತರ ತಲೆಗೂದಲನ್ನು ತೆಗೆಯಕೂಡದೆಂದು ಕ್ಷೌರದ ಅಂಗಡಿಯವನನ್ನು ಊರಿನ ಬಲವಂತರು ಬೆದರಿಸಿದ ಸುದ್ದಿಗಳು ಈ ಶತಮಾನದಲ್ಲಿಯೂ ನಮ್ಮ ರಾಜ್ಯದಿಂದಲೇ ಬಂದಿವೆ. ಹೀಗೆ ಒಂದು ತಲೆಗೂದಲಿನ ಸುತ್ತ ಎಷ್ಟು ಮೇಲುಕೀಳುಗಳು ಸುತ್ತಿಕೊಂಡಿವೆಯೆಂಬುದನ್ನು ಕಂಡವರಿಗೆ, ಎಲ್ಲ ಜಾತಿಯವರ ತಲೆಯನ್ನೂ ಒಂದೇ ಬಗೆಯದನ್ನಾಗಿ ಮಾಡಿದ ಗುರುಗಳ ಉದ್ದೇಶವು ಸುಲಭವಾಗಿ ಅರ್ಥವಾದೀತು.

ಕೇಶವ್ರತದ ಅರ್ಥವನ್ನು ಸಿಖ್ಖರು ಮುಖ್ಯವಾಗಿ ಮೂರು ಬಗೆಯಾಗಿ ಹೇಳುತ್ತಾರೆ. ಮೊದಲನೆಯದಾಗಿ, ದೇಹವು ಸೃಷ್ಟಿಕರ್ತನ ಕೊಡುಗೆ. ಅದನ್ನು ಕೊಟ್ಟ ರೂಪದಲ್ಲಿಯೇ ಇಟ್ಟುಕೊಳ್ಳುವುದು ಆತನ ಆಜ್ಞೆಗೆ ತಲೆಬಾಗುವುದರ ಗುರುತು. ಎರಡನೆಯದಾಗಿ, ಇದು ಸಂಸಾರಿಗಳ ವ್ರತ. ತಲೆ ಬೋಳಿಸಿಕೊಂಡು ಲೋಕವನ್ನು ಬಿಟ್ಟ ಸಂನ್ಯಾಸಿಯ ಹಾದಿಯೂ ಅಲ್ಲ, ಬಾಚದೆ ಜಟೆಗಟ್ಟಿಸಿಕೊಂಡ ಬೈರಾಗಿಯ ಹಾದಿಯೂ ಅಲ್ಲ. ಆದಕಾರಣವೇ ಪಂಚ ಕಕಾರಗಳಲ್ಲಿ ಕೇಶದ ಒತ್ತಿನಲ್ಲಿ ಕಂಘಾ ಎಂಬ ಬಾಚಣಿಗೆಯಿದೆ. ಕೂದಲನ್ನು ದಿನಕ್ಕೆರಡು ಸಲ ಬಾಚಿ, ಶುಚಿಯಾಗಿಟ್ಟು, ರುಮಾಲು ಕಟ್ಟಿ, ದುಡಿದು ಉಣ್ಣಬೇಕು. ಮೂರನೆಯದಾಗಿ, ಈ ಗುರುತನ್ನು ಅಡಗಿಸಲು ಬಾರದು. 1675ರಲ್ಲಿ ಒಂಬತ್ತನೆಯ ಗುರು ತೇಗಬಹಾದ್ದೂರರನ್ನು ದಿಲ್ಲಿಯಲ್ಲಿ ಕೊಂದಾಗ, ಜನಜಂಗುಳಿಯಲ್ಲಿದ್ದ ಶಿಷ್ಯರು ಭಯದಿಂದ ತಮ್ಮನ್ನು ತಾವು ತೋರಗೊಡಲಿಲ್ಲವೆಂದೂ, ಸಾವಿರ ಜನರ ನಡುವೆಯೂ ಸಿಖ್ಖನು ಗುರುತಾಗುವಂತೆ ಮಾಡಬೇಕೆಂದು ಗೋವಿಂದಸಿಂಹರು ಅಂದೇ ನಿಶ್ಚಯಿಸಿದರೆಂದೂ ಪ್ರತೀತಿಯಿದೆ. 1945ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿಯು ಅಂಗೀಕರಿಸಿದ ಆಚಾರಸಂಹಿತೆಯಲ್ಲಿಯೂ, ದೀಕ್ಷೆ ಹೊಂದಿದವನು ಮಾಡಬಾರದ ನಾಲ್ಕು ಮಹಾಪರಾಧಗಳಲ್ಲಿ ಕೇಶಖಂಡನವೂ ಒಂದು.

ಗುರುತನ್ನು ಅಡಗಿಸಲಾಗದ ವ್ರತಕ್ಕೆ ತೆರಬೇಕಾದ ಬೆಲೆಯೂ ಅಷ್ಟೇ ದೊಡ್ಡದು. 1745ರಲ್ಲಿ ಲಾಹೋರಿನ ಸುಭೇದಾರ ಝಕರಿಯಾಖಾನನ ಕಾಲದಲ್ಲಿ ತಾರೂಸಿಂಹನೆಂಬಾತನು ಕೂದಲನ್ನು ಕೊಡಲೊಪ್ಪದೆ ನೆತ್ತಿಯ ಚರ್ಮವನ್ನೇ ಕೊಟ್ಟು ಸತ್ತನು. 1984ರ ನವೆಂಬರಿನಲ್ಲಿ ದಿಲ್ಲಿಯ ಬೀದಿಗಳಲ್ಲಿ ರುಮಾಲನ್ನೂ ಗಡ್ಡವನ್ನೂ ನೋಡಿ ನೋಡಿ ಮನುಷ್ಯರನ್ನು ಕೊಂದರು. ಪ್ರಾಣಭಯದಿಂದ ಕೂದಲನ್ನು ಕತ್ತರಿಸಿಕೊಂಡವರೂ ಆ ದಿನಗಳಲ್ಲಿದ್ದರು. ದೂರದ ಮಾತೇಕೆ? 1988ರ ಸೆಪ್ಟೆಂಬರಿನಲ್ಲಿ, ಸಾಹಿಬಸಿಂಹರು ಹುಟ್ಟಿದ ಬೀದರದಲ್ಲಿಯೇ, ವಿದ್ಯೆಗೆಂದು ಬಂದಿದ್ದ ಸಿಖ್ ತರುಣರು ಗಲಭೆಯಲ್ಲಿ ಕೊಲೆಯಾದರು. ಗುರು ನಾನಕರು ಬಂದು ಸಿಹಿನೀರಿನ ಝರಿಯನ್ನು ಹರಿಸಿದರೆಂದು ಜನರು ನಂಬಿ ನಡೆದುಕೊಳ್ಳುವ ಊರಿಗೆ, ವೀರಮಹಿಳೆ ಮಾಯಿ ಭಾಗೋ ಕೊನೆಯ ದಿನಗಳನ್ನು ಕಳೆದಳೆನ್ನುವ ಜನವಾಡದ ಸೀಮೆಗೆ, ಈ ಕಳಂಕವು ಅಂಟಿದೆ. ಅದನ್ನು ಮರೆತು ಆತಿಥ್ಯದ ಹೊಗಳಿಕೆಯನ್ನು ಮಾತ್ರ ಹೇಳಿಕೊಳ್ಳುವುದು ನಮಗೆ ಭೂಷಣವಲ್ಲ.

ಧರ್ಮವು ಮನಸ್ಸಿನಲ್ಲಿದ್ದರೆ ಸಾಲದೆ, ಕೂದಲಿನಲ್ಲಿರಬೇಕೆ ಎಂದು ಕೇಳುವ ಬುದ್ಧಿವಂತರಿದ್ದಾರೆ. ಕನ್ನಡನಾಡಿನಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುವುದು ವಿಚಿತ್ರವಾಗಿ ತೋರುತ್ತದೆ. ಇದೇ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು, ಸಮಗಾರ ಹರಳಯ್ಯನಿಗೂ ಬ್ರಾಹ್ಮಣ ಮಧುವರಸನಿಗೂ ಒಂದೇ ಇಷ್ಟಲಿಂಗವನ್ನು ಎದೆಯ ಮೇಲೆ ಕಟ್ಟಿ, ಅದನ್ನು ಅಗಲಬಾರದೆಂದು ವಿಧಿಸಲಿಲ್ಲವೆ? ಒಳಗಿನ ಭಕ್ತಿ ಮುಖ್ಯವೆಂದು ಅವರಿಗೂ ತಿಳಿದಿತ್ತು. ಆದರೆ ಒಳಗಿನ ಸಮಾನತೆ ಹೊರಗೆ ಕಾಣದಿದ್ದರೆ ಜಾತಿಯೇ ಕಾಣುತ್ತದೆಯೆಂಬುದೂ ತಿಳಿದಿತ್ತು. ಐದುನೂರು ವರ್ಷಗಳ ತರುವಾಯ ಆನಂದಪುರದಲ್ಲಿ ನಡೆದುದೂ ಇಂತಹ ಕಾರ್ಯವೇ. ಕೂದಲಿನ ಹರಕೆಯೂ ನಮಗೆ ಹೊಸದಲ್ಲ. ಮನೆದೇವರಿಗೆ ಕೂದಲು ಬಿಡುವ ಕೂಸುಗಳು ನಮ್ಮಲ್ಲಿವೆ. ಕಟ್ಟದ ಮುಡಿಯಿಂದ ಒಂದು ಕುಲದ ಹಣೆಬರಹವನ್ನೇ ತಿರುಗಿಸಿದ ದ್ರೌಪದಿಯ ಕಥೆಯನ್ನು ಗಮಕಿಗಳ ಬಾಯಿಂದ ಕೇಳದ ಊರು ನಮ್ಮಲ್ಲಿ ವಿರಳ.

ಆದರೆ ನಮ್ಮ ನಾಡು ಕೂದಲಿನ ಇನ್ನೊಂದು ಚರಿತ್ರೆಯನ್ನೂ ಕಂಡಿದೆ. ಗಂಡ ಸತ್ತ ಬಾಲೆಯನ್ನು ಹಿಡಿದು ಕೂರಿಸಿ ತಲೆ ಬೋಳಿಸುತ್ತಿದ್ದ ಕಾಲವು ಬಹಳ ಹಿಂದಿನದಲ್ಲ. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ಓದಿದವರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ತಲೆಗೂದಲು ಜಟೆಗಟ್ಟಿತೆಂಬ ಒಂದೇ ನೆವದಿಂದ ಬಡಹುಡುಗಿಯರನ್ನು ದೇವಿಗೆ ಬಿಟ್ಟು ಅವರ ಬಾಳನ್ನು ಹಾಳುಮಾಡಿದುದೂ ಉಂಟು. ಒಂದರಲ್ಲಿ ಬಲಾತ್ಕಾರವಾಗಿ ಕೂದಲನ್ನು ತೆಗೆದರು. ಇನ್ನೊಂದರಲ್ಲಿ ಬಲಾತ್ಕಾರವಾಗಿ ಉಳಿಸಿದರು. ಇವೆರಡಕ್ಕೂ ಸಿಖ್ಖರ ವ್ರತಕ್ಕೂ ಇರುವ ಅಂತರವು ಕೂದಲಿನ ಉದ್ದದಲ್ಲಿಲ್ಲ, ಮನುಷ್ಯನ ಒಪ್ಪಿಗೆಯಲ್ಲಿದೆ. ಅಮೃತವನ್ನು ಸ್ವೀಕರಿಸುವ ಹಕ್ಕು ಗಂಡಿಗೂ ಹೆಣ್ಣಿಗೂ ಸಮನಾಗಿದೆ. ಕೇಶದ ನಿಯಮವೂ ಇಬ್ಬರಿಗೂ ಒಂದೇ. ಇಂದು ಸಿಖ್ ತರುಣರಲ್ಲಿ ಕೂದಲನ್ನು ಕತ್ತರಿಸಿಕೊಂಡವರೂ ಅನೇಕರಿದ್ದಾರೆ. ಅವರ ಬಗೆಗೆ ಗುರುದ್ವಾರದವರು ತಮ್ಮ ನಿಯಮದಂತೆ ನಡೆಯಲಿ; 2009ರಲ್ಲಿ ಪಂಜಾಬ ಹರಿಯಾಣಾ ಉಚ್ಚ ನ್ಯಾಯಾಲಯವು ಕತ್ತರಿಸದ ಕೇಶವು ಸಿಖ್ ಧರ್ಮದ ಮುಖ್ಯಾಂಗವೆಂದು ತೀರ್ಮಾನಿಸಿಯೂ ಇದೆ. ಆದರೆ ಪೊಲೀಸಿನವನು ಕಾಯುವ ವ್ರತವು ವ್ರತವೆನಿಸುವುದಿಲ್ಲ. ಪೊಲೀಸಿನವನು ಮುರಿಯುವ ನಿಯಮವೂ ನ್ಯಾಯವೆನಿಸುವುದಿಲ್ಲ.

ಈ ಮಾತನ್ನು ಈಗ ಏಕೆ ಎತ್ತಬೇಕಾಯಿತೆಂದರೆ, ನಮ್ಮ ರಾಜ್ಯದ ಶಾಲೆ ಕಾಲೇಜುಗಳಲ್ಲಿ ಸಮವಸ್ತ್ರದ ಪ್ರಶ್ನೆಯು ಪದೇಪದೇ ತಲೆಯೆತ್ತುತ್ತಿದೆ. 2022ರ ಫೆಬ್ರವರಿ 10ರಂದು ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರ ಪೀಠವು ಹಿಜಾಬ್, ಕೇಸರಿ ಶಾಲು ಮೊದಲಾದವುಗಳ ವಿಷಯದಲ್ಲಿ ಮಧ್ಯಂತರ ಆಜ್ಞೆಯನ್ನು ಹೊರಡಿಸಿತು. ಆ ಆಜ್ಞೆಯಲ್ಲಿ ಸಿಖ್ಖರ ರುಮಾಲಿನ ಹೆಸರೇ ಇರಲಿಲ್ಲ. ಆದರೂ ಕೆಲವೇ ದಿನಗಳಲ್ಲಿ ಬೆಂಗಳೂರಿನ ಒಂದು ಕಾಲೇಜಿನಲ್ಲಿ, ಅಮೃತ ಹೊಂದಿದ ಸಿಖ್ ಬಾಲೆಯೊಬ್ಬಳಿಗೆ ರುಮಾಲನ್ನು ತೆಗೆಯಬೇಕೆಂಬ ಸೂಚನೆ ಬಂದಿತು, ಮನೆಯವರು ಒಪ್ಪಲಿಲ್ಲ. ಅದೇ ವರ್ಷದ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಾಧೀಶರು ಹಿಜಾಬಿನ ವಿಷಯದಲ್ಲಿ ಒಬ್ಬರಿಗೊಬ್ಬರು ವಿರುದ್ಧವಾದ ತೀರ್ಪುಗಳನ್ನು ಕೊಟ್ಟರು. 2025ರ ಏಪ್ರಿಲಿನಲ್ಲಿ ವೃತ್ತಿಶಿಕ್ಷಣದ ಪ್ರವೇಶಪರೀಕ್ಷೆಯ ಕಾಲಕ್ಕೆ, ಬೀದರದಲ್ಲಿಯೇ, ಜನಿವಾರವನ್ನು ತೆಗೆಯಲೊಪ್ಪದ ವಿದ್ಯಾರ್ಥಿಯೊಬ್ಬನು ಗಣಿತದ ಪರೀಕ್ಷೆಯನ್ನು ಕಳೆದುಕೊಳ್ಳಬೇಕಾಯಿತು. ಕೂಗೆದ್ದ ಮೇಲೆ ಸರಕಾರವು ಕ್ರಮ ಕೈಕೊಂಡಿತು. ಇಂದು ಒಬ್ಬರ ತಲೆಯ ಬಟ್ಟೆಗೆ ಬಂದುದು ನಾಳೆ ಇನ್ನೊಬ್ಬರ ಹೆಗಲಿನ ನೂಲಿಗೆ ಬಾರದೆ ಇರದು. ಆದಕಾರಣ ತನ್ನವರ ಗುರುತಿಗೆ ಮಾತ್ರ ಮರುಗಿ ಪರರ ಗುರುತಿಗೆ ನಗುವವರು ನ್ಯಾಯದ ಪಕ್ಷದವರೆನಿಸಲಾರರು.

ಸಮವಸ್ತ್ರದ ಉದ್ದೇಶವು ಒಳ್ಳೆಯದೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸಾಹುಕಾರನ ಮಗನೂ ಕೂಲಿಯವನ ಮಗನೂ ಒಂದೇ ಬೆಂಚಿನಲ್ಲಿ ಒಂದೇ ಉಡುಪಿನಲ್ಲಿ ಕುಳಿತರೆ ಮೇಲುಕೀಳು ಮರೆಯಾಗುತ್ತದೆ. ಆದರೆ ಕೇಶ ಮತ್ತು ರುಮಾಲುಗಳೇ ಮೊದಲು ಅಂತಹ ಸಮವಸ್ತ್ರವಾಗಿದ್ದವು; ಖತ್ರಿಗೂ ಕ್ಷೌರಿಕನಿಗೂ ಒಂದೇ ತಲೆಯನ್ನೂ ಒಂದೇ ಹೆಸರನ್ನೂ ಕೊಟ್ಟವು. ಸಮಾನತೆಯ ಹೆಸರಿನಲ್ಲಿ ಸಮಾನತೆಯ ಗುರುತನ್ನು ಕಿತ್ತುಹಾಕುವುದು ವಿವೇಕವೆನಿಸದು. ಶಾಲೆಯ ಬಣ್ಣದ ರುಮಾಲನ್ನು ಗೊತ್ತುಮಾಡಿದರೆ ನಿಯಮವೂ ಉಳಿಯುವುದು, ವ್ರತವೂ ಉಳಿಯುವುದು. ಇಂಗ್ಲೆಂಡಿನಲ್ಲಿ ರುಮಾಲಿನ ಕಾರಣದಿಂದ ಒಂದು ಶಾಲೆಯು ಸಿಖ್ ಬಾಲಕನನ್ನು ಸೇರಿಸಿಕೊಳ್ಳದೆ ಹೋದಾಗ, 1983ರಲ್ಲಿ ಅಲ್ಲಿಯ ಪ್ರಭುಸಭೆಯು ಅದನ್ನು ಅಕ್ರಮವೆಂದು ತೀರ್ಮಾನಿಸಿತು. ನಮ್ಮ ಸಂವಿಧಾನದ 25ನೆಯ ವಿಧಿಯು ಕಿರ್ಪಾಣವನ್ನೇ ಸಿಖ್ ಧರ್ಮಾಚರಣೆಯ ಭಾಗವೆಂದು ಹೆಸರಿಸಿ ಒಪ್ಪಿದೆ. 1988ರ ಮೋಟಾರು ವಾಹನಗಳ ಶಾಸನವು ರುಮಾಲು ಧರಿಸಿದ ಸಿಖ್ಖರಿಗೆ ಶಿರಸ್ತ್ರಾಣದಿಂದ ವಿನಾಯಿತಿ ಕೊಟ್ಟಿದೆ. ಪ್ರಾಣದ ಅಪಾಯವಿರುವಲ್ಲಿಯೇ ಇಷ್ಟು ಔದಾರ್ಯವನ್ನು ತೋರಿಸಿದ ರಾಜ್ಯವು ಪಾಠದ ಕೋಣೆಯಲ್ಲಿ ಜಿಪುಣತನವನ್ನು ತೋರಿಸತಕ್ಕುದಲ್ಲ.

ಪರೀಕ್ಷೆಗಳಲ್ಲಿ ಮೋಸ ನಡೆಯುತ್ತದೆ, ಶೋಧನೆ ಬೇಕು ಎನ್ನುವರು. ಬೇಕು, ನಿಜ. ವೈದ್ಯಕೀಯ ಪ್ರವೇಶದ ರಾಷ್ಟ್ರೀಯ ಪರೀಕ್ಷೆಯಲ್ಲಿ, ಸಾಂಪ್ರದಾಯಿಕ ಉಡುಪಿನವರು ಹೆಚ್ಚು ಮುಂಚಿತವಾಗಿ ಬಂದು ಶೋಧನೆಗೆ ಒಳಗಾಗಬೇಕೆಂದು ಸೂಚಿಸುವ ಪದ್ಧತಿಯಿದೆ. ಈ ಪದ್ಧತಿಯನ್ನೇ ನಮ್ಮ ಇಲಾಖೆಯವರು ಬರವಣಿಗೆಯ ಆಜ್ಞೆಯಾಗಿ ಪ್ರತಿಯೊಂದು ಕೇಂದ್ರಕ್ಕೂ ಕಳುಹಿಸಬೇಕು. ಬಾಗಿಲಲ್ಲಿ ನಿಂತ ಮೇಲ್ವಿಚಾರಕನ ಮರ್ಜಿಗೆ ಮಕ್ಕಳ ಒಂದು ವರ್ಷದ ದುಡಿಮೆಯನ್ನು ಒಪ್ಪಿಸಬಾರದು. ಶೋಧಿಸುವವನು ಕೈಯಂತ್ರದಿಂದ ಶೋಧಿಸಲಿ. ಅನುಮಾನವುಂಟಾದರೆ ಮರೆಯಲ್ಲಿ, ಗಂಡಿಗೆ ಗಂಡೂ ಹೆಣ್ಣಿಗೆ ಹೆಣ್ಣೂ ನೋಡಲಿ. ಯಾರ ಮೈಮೇಲಿನ ಧರ್ಮಚಿಹ್ನೆಯನ್ನೂ ಕಿತ್ತಿಡಿರೆಂದು ಹೇಳದಿರಲಿ. ಇದಕ್ಕೆ ಹೆಚ್ಚಿನ ಹಣವಾಗಲಿ ಹೊಸ ಶಾಸನವಾಗಲಿ ಬೇಕಾಗಿಲ್ಲ. ಸ್ವಲ್ಪ ಮುಂದಾಲೋಚನೆಯೂ ಸ್ವಲ್ಪ ಮರ್ಯಾದೆಯೂ ಬೇಕು.

ಜೊತೆಗೆ ಇನ್ನೊಂದು ಮಾತು. ನಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಬೀದರದ ಕೋಟೆಗೂ ಬೀದರಿಯ ಕೆಲಸಕ್ಕೂ ಇರುವ ಸ್ಥಳದಲ್ಲಿ ಸ್ವಲ್ಪ ಭಾಗವು ಸಾಹಿಬಸಿಂಹರಿಗೂ ಸಲ್ಲಬೇಕು. ಮಾಡದಕೆರೆಯ ಶಾಲೆಯಲ್ಲಿ ಕುಳಿತ ಕ್ಷೌರಿಕರ ಮನೆಯ ಬಾಲಕನು, ತನ್ನ ಕಸುಬಿನವನೊಬ್ಬನು ಕನ್ನಡನಾಡಿನಿಂದ ನೂರಾರು ಹರದಾರಿ ನಡೆದು ಹೋಗಿ ಒಂದು ಧರ್ಮದ ಮೊದಲ ಐವರಲ್ಲಿ ಒಬ್ಬನಾದನೆಂದು ಓದಿದರೆ, ಅವನ ಬೆನ್ನು ನೆಟ್ಟಗಾದೀತು. ಪಕ್ಕದಲ್ಲಿ ಕುಳಿತ ಬಾಲಕನು ಆ ಕಸುಬಿನ ಹೆಸರನ್ನು ಬೈಗುಳವಾಗಿ ಆಡಲು ನಾಚಿಕೊಂಡಾನು. ವಿದ್ಯಾ ಇಲಾಖೆಯ ಅಧಿಕಾರಿಗಳು ಇದನ್ನು ಆಲೋಚಿಸಬೇಕೆಂದು ಬಿನ್ನವಿಸುತ್ತೇವೆ.